ಕಿಟಕಿ ಮುಚ್ಚಿಸಿ ಒಲೆ ಹಂಚಿದವರಿಗೆ

ಅನಿಲ ಸರಬರಾಜು ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನೀವು ಕೊಟ್ಟ ಒಲೆ ನನ್ನ ಅಕ್ಕನನ್ನು ಕೊಲ್ಲುವುದರಲ್ಲಿತ್ತು. ಒಲೆಯಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ನಿಮ್ಮ ಎರಡು ಕಾಗದಗಳಲ್ಲಿ.

ಕಳೆದ ತಿಂಗಳು ನಮ್ಮ ಬೀದಿಯನ್ನು ಅಗೆದು ಅನಿಲದ ಕೊಳವೆ ಬದಲಿಸಿದಿರಿ. ಹನ್ನೊಂದು ದಿನ ಸರಬರಾಜು ಇಲ್ಲ ಎಂದು, ಪ್ರವಾಸಕ್ಕೆ ಹೋಗುವವರು ಒಯ್ಯುವಂಥ, ಪಕ್ಕದಲ್ಲೇ ಗ್ಯಾಸ್ ಡಬ್ಬಿ ಕೂರಿಸುವ ಪುಟ್ಟ ಒಲೆಯನ್ನು ಮನೆಗೊಂದರಂತೆ ಕೊಟ್ಟಿರಿ. ಉಪಕಾರವೇ. ಅದೇ ದಿನ ಇನ್ನೊಂದು ಕಾಗದ ಬಂತು: ಧೂಳು ಏಳುವುದರಿಂದ ಕಿಟಕಿಗಳನ್ನು ಭದ್ರವಾಗಿ ಮುಚ್ಚಿಕೊಳ್ಳತಕ್ಕದ್ದು. ಎರಡಕ್ಕೂ ನಿಮ್ಮದೇ ಮೊಹರು. ಬಲಗೈ ಬರೆದದ್ದನ್ನು ಎಡಗೈ ಓದುವ ಪದ್ಧತಿ ನಿಮ್ಮಲ್ಲಿ ಇಲ್ಲವೇ?

ಅಕ್ಕ ಮೂರನೇ ಮಹಡಿಯ ಒಂದೇ ಕೋಣೆಯಲ್ಲಿ ಇದ್ದುಕೊಂಡು ಬಟ್ಟೆ ಹೊಲಿಯುತ್ತಾಳೆ. ಸರ್ಕಾರಿ ಕಾಗದವೆಂದರೆ ಅವಳಿಗೆ ವೇದವಾಕ್ಯ. ಬಿಳಿ ಬಟ್ಟೆಗೆ ಧೂಳು ಕೂರಬಾರದೆಂದು ಕಿಟಕಿಯ ಸಂದಿಗೂ ಚಿಂದಿ ತುರುಕಿದಳು. ಹೊಲಿದ ಅಂಗಿಗಳಿಗೆ ಗಂಜಿ ಹಾಕಲು ಬೆಳಗಿನಿಂದ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸುತ್ತಲೇ ಇದ್ದಳು.

ಮಧ್ಯಾಹ್ನ ನನಗೆ ಫೋನ್ ಮಾಡಿದಳು.

"ತಲೆ ಸಿಡಿದು ಹೋಗ್ತಿದೆ ಕಣೋ. ವಾಕರಿಕೆ ಬೇರೆ."

"ಬೆಳಗ್ಗೆಯಿಂದ ಏನೂ ತಿಂದಿರಲ್ಲ ನೀನು. ಏನಾದ್ರೂ ತಿಂದು ಸ್ವಲ್ಪ ಮಲ್ಕೋ."

ಹಾಗೆ ಹೇಳಿದ ನಾನು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮುಚ್ಚಿದ ಕೋಣೆಯಲ್ಲಿ ಉರಿಗೆ ಗಾಳಿ ಸಾಲದಾದರೆ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ ಹುಟ್ಟುತ್ತದೆ ಎಂದು ವರ್ಷವರ್ಷವೂ ಪಾಠ ಹೇಳುತ್ತೇನೆ. ಮುಂದಿನ ತರಗತಿಗೆ ಪ್ರಯೋಗಾಲಯದಲ್ಲಿ ಬರ್ನರ್ ಹಚ್ಚುವ ಮೊದಲು ಅಭ್ಯಾಸಬಲದಿಂದ ಕಿಟಕಿ ತೆರೆದೆ. ಕೈ ಅಲ್ಲೇ ನಿಂತಿತು. ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ಎರಡು ಬೀದಿ ಓಡಿದೆ.

ಪುಣ್ಯಕ್ಕೆ ಚಿಲಕ ಹಾಕಿರಲಿಲ್ಲ. ಒಲೆ ಉರಿಯುತ್ತಲೇ ಇತ್ತು. ಅಕ್ಕ ಹೊಲಿಗೆ ಯಂತ್ರದ ಪಕ್ಕದಲ್ಲಿ, ಕತ್ತರಿಸಿದ ಬಟ್ಟೆಗಳ ಮೇಲೆ ಬಿದ್ದಿದ್ದಳು. ಒಲೆ ಆರಿಸಿ, ಅವಳನ್ನು ದರದರ ಎಳೆದು ಮೆಟ್ಟಿಲಿಗೆ ತಂದೆ. "ಇನ್ನು ಕಾಲು ಗಂಟೆ ತಡ ಆಗಿದ್ರೆ ನಮ್ಮ ಕೈಲಿ ಏನೂ ಇರ್ತಿರಲಿಲ್ಲ," ಎಂದರು ಆಸ್ಪತ್ರೆಯ ವೈದ್ಯರು.

ಅಕ್ಕ ಬದುಕಿದ್ದಾಳೆ. ಆದರೆ ಆಳನ್ನು ನೋಡಿಯೇ ಭುಜದ ಅಳತೆ ಹೇಳುತ್ತಿದ್ದವಳು ಈಗ ಟೇಪು ಹಿಡಿದು ಅಂಕಿ ಮರೆತು ನಿಲ್ಲುತ್ತಾಳೆ. ಮೊನ್ನೆ ನನ್ನ ಅಂಗಿಗೆ ಎರಡೂ ಎಡತೋಳುಗಳನ್ನೇ ಹೊಲಿದಳು. ನಾನು ನಕ್ಕೆ. ಅವಳು ನಗಲಿಲ್ಲ. "ಇದು ಯಾವಾಗ ಸರಿಹೋಗುತ್ತೋ?" ಎಂದು ಕೇಳಿದಳು. ಅದು ವೈದ್ಯರಿಗೂ ಗೊತ್ತಿಲ್ಲ.

ನಿಮ್ಮ ಕಚೇರಿಗೆ ಬಂದು ಅರ್ಜಿ ಕೊಟ್ಟೆ. "ಸೂಚನೆ ಪುಸ್ತಕ ಕೊಟ್ಟಿದ್ವಲ್ಲ ಸಾರ್, ಓದ್ಕೋಬೇಕಿತ್ತು," ಎಂದರು ಗುಮಾಸ್ತರು. ಓದಿದೆ. ಹನ್ನೊಂದನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, "ಸಮರ್ಪಕ ವಾಯುಸಂಚಾರವುಳ್ಳ ಸ್ಥಳದಲ್ಲಿ ಮಾತ್ರ ಉಪಯೋಗಿಸತಕ್ಕದ್ದು" ಎಂದಿದೆ. ಕಿಟಕಿ ತೆರೆಯಿರಿ ಎಂದು ಬರೆದರೆ ಕಚೇರಿಯ ಘನತೆಗೆ ಕುಂದೇ? ವಾರದ ನಂತರ ಲಿಖಿತ ಉತ್ತರವೂ ಬಂತು: ಪ್ರಾಣಹಾನಿ ಸಂಭವಿಸದ ಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಸಾಯದೆ ಉಳಿದು ಅಕ್ಕ ನಿಮ್ಮ ಕೆಲಸ ಹಗುರ ಮಾಡಿದಳು.

ನನ್ನ ಪಾಲಿನ ತಪ್ಪನ್ನು ಹೊತ್ತು ತಿರುಗುತ್ತಿದ್ದೇನೆ. ನಿಮ್ಮ ಪಾಲಿನದನ್ನು ನೀವು ಎತ್ತಿಕೊಳ್ಳಿ.

ಬರುವ ಸೋಮವಾರ ಪಕ್ಕದ ಬೀದಿಗೆ ಇವೇ ಒಲೆಗಳು ಹೋಗುತ್ತವೆಯಂತೆ. ಅದಕ್ಕೆ ಮೊದಲು ಕಿಟಕಿ ಮುಚ್ಚಿಸುವ ಆದೇಶ ಹಿಂತೆಗೆದುಕೊಳ್ಳಿ. ಒಲೆ ತರುವ ನೌಕರ ಹೊಸ್ತಿಲಲ್ಲಿ ಸಹಿ ಹಾಕಿಸಿಕೊಂಡು ಹೊರಡದಿರಲಿ. ಒಳಗೆ ಬಂದು ತನ್ನ ಕೈಯಾರೆ ಕಿಟಕಿ ತೆರೆಯಲಿ. ಗ್ಯಾಸ್ ಡಬ್ಬಿಯ ಮೇಲೆ ಚಾಚುವಷ್ಟು ದೊಡ್ಡ ಪಾತ್ರೆ ಇಟ್ಟರೆ ಡಬ್ಬಿ ಕಾದು ಸಿಡಿಯಬಹುದು, ಡಬ್ಬಿ ಬದಲಿಸುವಾಗ ಹತ್ತಿರ ಎಲ್ಲೂ ಬೆಂಕಿ ಇರಬಾರದು, ಉರಿ ಇಟ್ಟು ನಿದ್ದೆ ಮಾಡಬಾರದು, ತಲೆನೋವು ಬಂದರೆ ಮಲಗದೆ ಒಲೆ ಆರಿಸಿ ಹೊರಗೆ ನಡೆಯಬೇಕು ಎಂದು ಬಾಯಿಬಿಟ್ಟು ಹೇಳಲಿ. ಓದು ಬಾರದವರ ಮನೆಯಲ್ಲಿ ಇನ್ನೂ ಐದು ನಿಮಿಷ ನಿಲ್ಲಲಿ.

ಇಂತಿ,
ನಿಮ್ಮ ಉತ್ತರಕ್ಕೆ ಕಾಯದ, ಸೋಮವಾರಕ್ಕೆ ಹೆದರಿರುವ
ಒಬ್ಬ ಮೇಷ್ಟ್ರು