ಫಾರಮಿನಲ್ಲಿ ಬರೆಯದ ಕೆಲಸ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಎದೆಯೊಳಗಿನ ಯಂತ್ರ ಸರಿಯಾಗಿ ನಡೆಯುತ್ತಿದೆಯಾ? ಪೇಸ್‌ಮೇಕರ್ ಅಂದರೆ ನಿನಗೆ ಸಿಟ್ಟು ಬರುತ್ತದೆಂದು ಯಂತ್ರ ಅಂದೆ. ಇಲ್ಲಿ ಎಲ್ಲರೂ ಆರಾಮ. ನಿನ್ನ ಮೊಮ್ಮಗಳು ಗುಬ್ಬಿಗೆ ಎರಡು ವರ್ಷ ತುಂಬಿತು, ಹೊಸದೊಂದು ಆಟ ಕಲಿತಿದ್ದಾಳೆ.

ಎಲ್ಲರೂ ಆರಾಮ ಎಂದೆನಲ್ಲ, ಅದು ಸುಳ್ಳು. ಹೊಡೆದು ಹಾಕಿದರೆ ಕಾಗದ ಗಲೀಜಾಗುತ್ತದೆಂದು ಹಾಗೇ ಬಿಟ್ಟಿದ್ದೇನೆ.

ಫೋನಿನಲ್ಲಿ ಹೇಳಹೊರಟರೆ, "ಏನು ಕಾಲೇಜು ಮೇಡಂ, ಮತ್ತೆ ಏನಾದ್ರೂ ಓದಿದ್ರಾ?" ಎಂದು ನಕ್ಕು ಮಾತು ತೇಲಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಇವರು, ನಿನ್ನ ಅಳಿಯ, ಒಳಗೆ ಮಲಗಿದ್ದಾರೆ. ಈಗ ತಾನೇ ಎದೆಯ ಮೇಲೆ ಕೈಯಿಟ್ಟು ನೋಡಿ ಬಂದೆ. ನಾಲ್ಕು ಬಡಿತ ಸರಿ, ಆಮೇಲೊಂದು ಕಾಣೆ. ಆ ಒಂದಕ್ಕಾಗಿ ಕಾಯುತ್ತಾ ನನ್ನ ನಿದ್ದೆ ಹೋಗಿ ಐದು ದಿನವಾಯಿತು.

ಮಂಗಳವಾರ ಇವರು ಪಾಲಿಹೌಸಿನಲ್ಲಿ ಗುಲಾಬಿಗೆ ಔಷಧಿ ಹೊಡೆಯುತ್ತಿದ್ದಾಗ ಕುಸಿದು ಕೂತರಂತೆ. ಇವರೇನೂ ಹೇಳಲಿಲ್ಲ, ಅಲ್ಲಿ ಹೂ ಕತ್ತರಿಸುವ ಅಕ್ಕ ಬಸ್‌ಸ್ಟಾಪಿನಲ್ಲಿ ಸಿಕ್ಕಿ ಹೇಳಿದಳು. ಕೇಳಿದರೆ, "ಗ್ಯಾಸ್ ಕಣೇ, ಬೆಳಿಗ್ಗೆ ತಿಂದಿರ್ಲಿಲ್ಲ" ಅಂದರು. ಜಗಳವಾಡಿ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಇಸಿಜಿ ನೋಡಿದ ಡಾಕ್ಟರಮ್ಮ, ಮೂವತ್ತೊಂದಕ್ಕೇ ಬಡಿತ ಹೀಗೆ ತಪ್ಪಬಾರದು, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಇವರು ನನ್ನ ಮುಖ ನೋಡದೆ, "ಮೇಲ್ವಿಚಾರಕ" ಅಂದರು.

ನಾನು ತಿದ್ದಲಿಲ್ಲ ಅಪ್ಪಾ. ಯಾಕೆಂದರೆ ಆ ಸುಳ್ಳು ನನ್ನದೇ.

ಮೂರು ವರ್ಷದ ಹಿಂದೆ ನಿನ್ನನ್ನು ಅಡ್ಮಿಟ್ ಮಾಡಿದಾಗ ಫಾರಂ ತುಂಬಿದವಳು ನಾನು. ಕೌಂಟರಿನ ಆಚೆ ಕೂತಿದ್ದವಳು ನನ್ನ ಕಾಲೇಜಿನ ಗೆಳತಿ. ಉದ್ಯೋಗ ಎಂಬ ಸಾಲಿಗೆ ಬಂದಾಗ ನನ್ನ ಪೆನ್ನು ನಿಂತಿತು. ಆಮೇಲೆ ದುಂಡಗೆ 'ಮೇಲ್ವಿಚಾರಕ' ಎಂದು ಬರೆದೆ. ಇವರು ಪಕ್ಕದಲ್ಲೇ ನಿಂತು ನೋಡಿದರು. ಇಪ್ಪತ್ತಾರು ವರ್ಷ ನೀನು ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಔಷಧಿ ಹೊಡೆದವನೆಂದು ಯಾವ ಡಾಕ್ಟರಿಗೂ ತಿಳಿಯಲಿಲ್ಲ. ವಯಸ್ಸಾಯಿತು, ಅದಕ್ಕೇ ಅಂದರು. ನಾವೂ ತಲೆಯಾಡಿಸಿದೆವು.

ಮಾರನೇ ದಿನ ಒಬ್ಬಳೇ ಹೋಗಿ ಡಾಕ್ಟರಮ್ಮನಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. ಇಂಥ ಔಷಧಿ ವರ್ಷಗಟ್ಟಲೆ ಮೈಗೆ, ಉಸಿರಿಗೆ ಸೇರಿದರೆ ಹೃದಯಕ್ಕೂ ಪೆಟ್ಟು ಬೀಳಬಹುದು, ಇದೇ ಕಾರಣವೆಂದು ಈಗಲೇ ಹೇಳಲಾರೆ ಅಂದರು. ಬರುವ ಗುರುವಾರ ರಕ್ತಪರೀಕ್ಷೆ. ಯಾವ್ಯಾವ ಔಷಧಿ ಎಂಬ ಪಟ್ಟಿ ಬೇಕಂತೆ. ಅಲ್ಲಿಯವರೆಗೆ ಪಂಪು ಮುಟ್ಟಬಾರದಂತೆ.

ಇವರು ಮರುದಿನವೇ ಮುಟ್ಟಿದರು. ಬರುವ ತಿಂಗಳು ಇವರನ್ನು ನಿಜವಾಗಿಯೂ ಮೇಲ್ವಿಚಾರಕರನ್ನಾಗಿ ಮಾಡುತ್ತಾರಂತೆ. "ಕಾಯಿಲೆಯವನು ಅಂತ ಗೊತ್ತಾದ್ರೆ ಗೇಟಿನ ಹೊರಗೇ ನಿಲ್ಲಿಸ್ತಾರೆ. ಮಾವ ಅಷ್ಟು ವರ್ಷ ಮಾಸ್ಕಿಲ್ಲದೆ ಹೊಡೆದ್ರು, ಏನಾಯ್ತು?" ಅಂದರು. ಎದೆಗೆ ಯಂತ್ರ ಬಂತಲ್ಲ ಅಂದೆ. "ಅದು ವಯಸ್ಸಿಗೆ. ನೀನೂ ತಲೆಯಾಡಿಸಿದ್ಯಲ್ವಾ?" ಎಂದರು.

ನೀನು ಕಲಿಸಿದ್ದನ್ನು ಒಂದೂ ಬಿಡದೆ ಮಾಡುತ್ತಾರೆ. ಪಂಪಿನ ತುದಿಯ ನಾಝಲ್ ಕಟ್ಟಿಕೊಂಡರೆ ಬಾಯಿಗಿಟ್ಟು ಊದುತ್ತಾರೆ. "ಬಾಯಿ ಇರೋವಾಗ ಸೂಜಿ ಯಾಕಯ್ಯಾ?" ಅಂತ ನೀನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆಯಲ್ಲ, ಈಗ ಇವರು ಅದನ್ನೇ ಹೇಳಿ ನಗಿಸುತ್ತಾರೆ. ಸಂಜೆ ನಾಝಲ್ ಜೇಬಿನಲ್ಲೇ ಮನೆಗೆ ಬರುತ್ತದೆ.

ಗುರುವಾರ ನೀನು ಬರಬೇಕು. ಅಳಿಯನಿಗೆ ಬುದ್ಧಿ ಹೇಳುವುದಕ್ಕಲ್ಲ. ನೀನೇ ಡಾಕ್ಟರಮ್ಮನ ಎದುರು ಕೂತು, ನಾನು ಔಷಧಿ ಹೊಡೆಯುತ್ತಿದ್ದವನು, ಎದೆಗೆ ಯಂತ್ರ ಹಾಕಿಸಿಕೊಂಡವನು ಎಂದು ಹೇಳು. ಇವರು ಕೇಳಿಸಿಕೊಳ್ಳಲಿ. ಔಷಧಿಗಳ ಹೆಸರು ನೆನಪಿಲ್ಲದಿದ್ದರೆ ಮುಚ್ಚಳದ ಬಣ್ಣ ಹೇಳು, ವಾಸನೆ ಹೇಳು. ನಾನು ಬರೆದುಕೊಳ್ಳುತ್ತೇನೆ. ನಿನ್ನ ಫೈಲನ್ನೂ ತಾ. ಅದರಲ್ಲೊಂದು ಸಾಲನ್ನು ನಾನೇ ತಿದ್ದಬೇಕು.

ನಿನ್ನ ಕೆಲಸಕ್ಕೆ ನಾಚಿಕೊಂಡೆ ಎಂದು ಬರೆಯಲು ಇಷ್ಟು ಹೊತ್ತು ಹಿಡಿಯಿತು. ಬೈಯುವುದಿದ್ದರೆ ಬಂದು ಬೈ. ಈ ಕಾಗದವನ್ನು ನಾಳೆ ಬೆಳಗಿನ ಬಸ್ಸಿನ ಡ್ರೈವರಣ್ಣನ ಕೈಗೆ ಕೊಡುತ್ತೇನೆ.

ದಾರಿ ಕಾಯುತ್ತಿರುವ,
ನಿನ್ನ ಕಾಲೇಜು ಮೇಡಂ

ಮರೆತೆನೆಂದಲ್ಲ, ಬರೆಯಲು ಕೈ ಬರಲಿಲ್ಲ: ಗುಬ್ಬಿಯ ಹೊಸ ಆಟ ಏನೆಂದು ಹೇಳಲೇ ಇಲ್ಲ. ನಿನ್ನೆ ಒಗೆಯಲು ಹಾಕಿದ್ದ ಅಂಗಿಯ ಜೇಬಿನಿಂದ ನಾಝಲ್ ತೆಗೆದು, ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ ಊದಿದಳು. ಆಮೇಲೆ ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿದು ನೋಡಿದಳು, ಥೇಟ್ ನಿನ್ನ ಹಾಗೆ. ಬಾಯಿ ತೊಳೆಸಿ, ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಸಂಜೆಯವರೆಗೆ ಇಟ್ಟುಕೊಂಡು ನೋಡಿ, ಹೆದರುವಂಥದ್ದೇನೂ ಇಲ್ಲವೆಂದು ಕಳಿಸಿದರು. ಇವರಿಗೆ ಇನ್ನೂ ಹೇಳಿಲ್ಲ. ನೀನು ಜೊತೆಗಿದ್ದಾಗ ಹೇಳುತ್ತೇನೆ. ಅಲ್ಲೂ ಫಾರಂ ಕೊಟ್ಟರು. ತಂದೆಯ ಉದ್ಯೋಗ ಎಂಬಲ್ಲಿ 'ಔಷಧಿ ಹೊಡೆಯುವವರು' ಎಂದು ಬರೆದೆ. ತಾತನದನ್ನು ಯಾರೂ ಕೇಳಿರಲಿಲ್ಲ, ಅದನ್ನೂ ಪಕ್ಕದಲ್ಲಿ ಬರೆದೆ.