ಬೆಳಗಿನ ನಗೆ ಕಾರ್ಯಕ್ರಮದ ಮೇಲಿನ ದೂರು

ಮಾನ್ಯ ರೇಡಿಯೊ ದೂರು ವಿಚಾರಣಾಧಿಕಾರಿಗಳಿಗೆ,

ಬೆಳಗಿನ ನಗೆ ಕಾರ್ಯಕ್ರಮದ ಮೇಲೆ ದೂರು ಕೊಟ್ಟ ದರ್ಜಿ ಹೆಂಗಸು ನಾನೇ. ಅದನ್ನು ನಡೆಸುವವನು ನನ್ನ ಮಗ ಎಂಬುದನ್ನು ದೂರಿನಲ್ಲಿ ಬರೆದಿರಲಿಲ್ಲ. ಬರೆಯಲು ಕೈ ಬರಲಿಲ್ಲ.

ನನ್ನ ಅಂಗಡಿಯಲ್ಲಿ ಗುಂಡಿ, ಕಾಜಾ ಹೊಲಿಯುವವಳಿಗೆ ಮಾತು ತೊದಲುತ್ತದೆ. ಅವತ್ತು ಒಳಕೋಣೆಗೆ ಹೋಗಿ, ರೇಡಿಯೊಗೆ ಫೋನ್ ಮಾಡಿ, ಗಂಡನಿಗಾಗಿ ಒಂದು ಹಾಡು ಕೇಳಿದಳು. ನನ್ನ ಮಗ ಅವಳಂತೆಯೇ ತೊದಲಿದ. "ಹೆ... ಹೆ... ಹೆಸರು ಹೇಳಮ್ಮಾ! ನೀನು ಹೇಳಿ ಮುಗಿಸೋದ್ರೊಳಗೆ ಸೋಪಿನವರ ಜಾಹೀರಾತು ಎರಡು ಸಲ ಹಾಕ್ಬಹುದು!"

ಹೊರಗೆ ರೇಡಿಯೊ ಕೇಳುತ್ತಿದ್ದ ನಾನು, ಅವಳ ದನಿಯ ಗುರುತು ಹತ್ತುವ ಮೊದಲೇ ನಕ್ಕುಬಿಟ್ಟೆ. ತಿರುಗಿದರೆ ಅವಳು ಫೋನ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಕೆಲಸಕ್ಕೆ ಬಂದಿಲ್ಲ. ಮನೆಗೆ ಹೋದರೆ ಕದ ತೆಗೆಯಲಿಲ್ಲ.

ನಿಮ್ಮ ನೋಟಿಸ್ ಹೋದ ಮೇಲೆ ಸೋಪಿನ ಕಂಪನಿಯವರು ಕೈ ಬಿಟ್ಟರು, ಕಾರ್ಯಕ್ರಮ ನಿಂತಿತು. ಮಗ ಮನೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದಾನೆ. "ನಾನು ಮುಂದೆ ಬಂದಿದ್ದು ಯಾರಿಗೋ ಕಣ್ಣು ಕುಕ್ಕಿದೆ ಕಣಮ್ಮಾ. ತಮಾಷೆ ಅಂದ್ರೇನು ಅಂತ ಗೊತ್ತಿಲ್ದೋರು" ಎಂದ. "ಊಟ ಆರಿಹೋಗತ್ತೆ, ಏಳಪ್ಪಾ" ಎಂದೆ.

ದೂರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ದೂರು ಕೊಟ್ಟವಳೂ ನಕ್ಕಿದ್ದಳು ಎಂದು ದಯವಿಟ್ಟು ಅದರಲ್ಲಿ ಸೇರಿಸಿ. ದೂರು ಕೊಟ್ಟವಳು ನಾನೆಂದು ವಿಚಾರಣೆಗೆ ಮುಂಚೆ ಮಗನಿಗೆ ನಾನೇ ಹೇಳುತ್ತೇನೆ.

ಆ ದಿನ ನನಗೆ ಅವನ ಎದುರಿಗೇ ಕುರ್ಚಿ ಹಾಕಿಸಿ. ಪಕ್ಕದಲ್ಲಿ ಕೂತರೆ ಅವನ ಕೈ ಹಿಡಿದುಕೊಂಡುಬಿಡುತ್ತೇನೆ.

ಇಂತಿ,
ದೂರು ಕೊಟ್ಟವಳು, ಅವನ ತಾಯಿ