ಗೋಡೆಯಾಚೆಯ ಕುರ್ಚಿ

ಅರಿಶಿನಕುಂಟೆ,
೧೨ ಜೂನ್ ೨೦೨೫

ಪ್ರೀತಿಯ ಭೀಮು,

ಕೆಮ್ಮು ಕಡಿಮೆಯಾಯಿತೇ? ಕ್ಯಾಂಟೀನಿನ ಸಾರು ಖಾರವೆಂದು ಬರೀ ಮೊಸರನ್ನದಲ್ಲಿ ದಿನ ದೂಡಬೇಡ. ಅಮ್ಮ ಚೆನ್ನಾಗಿದ್ದಾಳೆ, ಅಷ್ಟು ಚೆನ್ನಾಗಿರುವುದೇ ನನಗೆ ಕಷ್ಟವಾಗಿದೆ. ದೇವನಹಳ್ಳಿ ಹತ್ತಿರ ನಮ್ಮ ಕಂಪನಿ ವಿನ್ಯಾಸ ಮಾಡುತ್ತಿರುವ ಪ್ರೋಟಾನ್ ಕಿರಣದ ಕ್ಯಾನ್ಸರ್ ಚಿಕಿತ್ಸಾ ಕೇಂದ್ರಕ್ಕೆ, ಚೆನ್ನೈ ಆಸ್ಪತ್ರೆಯ ಕೆಲಸ ಬಿಟ್ಟು ನೀನು ಟೆಕ್ನಿಷಿಯನ್ ಆಗಿ ಬರುತ್ತೀಯೆಂದು ಬೀದಿಗೆಲ್ಲ ಹೇಳಿಯಾಗಿದೆ. ಹೋದ ಭಾನುವಾರ ಹಟ ಹಿಡಿದು ಕಟ್ಟಡ ನೋಡಲು ಬಂದಳು. ನೀನು ಕೂರಬೇಕಾದ ಕಂಟ್ರೋಲ್ ರೂಮಿನ ಜಾಗದಲ್ಲಿ, ಗೋಡೆಗೆಂದು ನಿಲ್ಲಿಸಿದ ಸರಳುಗಳ ನಡುವೆ ನಿಂತು, “ನನ್ ಮಗನ್ ಕುರ್ಚಿ ಇಲ್ಲೇ ಹಾಕ್ಸು ಕಣವ್ವ, ಗಾಳಿ ಬತ್ತದೆ” ಎಂದಳು. ಅಲ್ಲಿ ಕಿಟಕಿಯೇ ಇರುವುದಿಲ್ಲ ಎಂದು ನಾನು ಹೇಳಲಿಲ್ಲ.

ಆ ಕುರ್ಚಿ ತಲೆಯಿಂದ ಹೋಗಲಿಲ್ಲ. ಮರುದಿನ ಆಫೀಸಿನಲ್ಲಿ, ವಿಕಿರಣದ ಲೆಕ್ಕ ಹಾಕುವ ಕಂಪ್ಯೂಟರಿನ ಮಾದರಿಯಲ್ಲಿ ಅದೇ ಜಾಗಕ್ಕೆ ಮನುಷ್ಯನ ಮೈಗೆ ಬದಲಾಗಿ ಅದೇ ಅಳತೆಯ ನೀರಿನ ಗೊಂಬೆಯೊಂದನ್ನು ಇಟ್ಟು ನೋಡಿದೆ. ಅದಕ್ಕೆ ತಾಗಿದ ವಿಕಿರಣ ಇಲ್ಲವೆನ್ನುವಷ್ಟು. ಅಷ್ಟು ಕಡಿಮೆ ಬರಬಾರದು. ಹುಡುಕಿದಾಗ ಸಿಕ್ಕಿತು: ಕಿರಣವನ್ನು ಬಾಗಿಸುವ ಅಯಸ್ಕಾಂತದ ಕಬ್ಬಿಣಕ್ಕೆ, ತಾಗಿದ ಕಣಗಳನ್ನೆಲ್ಲ ಅಳಿಸಿಬಿಡು ಎಂದು ಬರೆದಿತ್ತು. ಲೆಕ್ಕ ಬೇಗ ಮುಗಿಯಲೆಂದು ಮೊದಲ ಅಂದಾಜಿಗೆ ಎಲ್ಲರೂ ಮಾಡುವ ಉಪಾಯ. ಆಮೇಲೆ ಯಾರೂ ಬದಲಿಸಿಲ್ಲ. ನಿಜವಾದ ಕಬ್ಬಿಣ ಹಾಗೆ ನುಂಗಿಕೊಂಡು ಸುಮ್ಮನಿರುವುದಿಲ್ಲ. ಪ್ರೋಟಾನ್ ಬಡಿದರೆ ಅದರಿಂದ ನ್ಯೂಟ್ರಾನ್‌ಗಳು ಸಿಡಿದು ಕಂಟ್ರೋಲ್ ರೂಮಿನ ಗೋಡೆಯತ್ತ ಹೊರಡುತ್ತವೆ. ಕಬ್ಬಿಣವನ್ನು ಕಬ್ಬಿಣವೆಂದೇ ಬರೆದು ಲೆಕ್ಕವನ್ನು ಮತ್ತೆ ಓಡಿಸಿದೆ. ಅದು ಓಡುತ್ತಿದ್ದಷ್ಟು ಹೊತ್ತೂ ಊಟ ರುಚಿಸಲಿಲ್ಲ. ಮುಗಿದ ಮೇಲೂ ರುಚಿಸುತ್ತಿಲ್ಲ. ಆ ಗೋಡೆಯ ದಪ್ಪ ಸಾಲದು.

ನಮ್ಮ ಮುಖ್ಯಸ್ಥ ನವೀನ್‌ಕುಮಾರ್ ಕೆಟ್ಟವರಲ್ಲ. ನಿನ್ನೆ ಲೆಕ್ಕ ತೋರಿಸಿದಾಗ, “ಏನಮ್ಮಾ, ಸೋಮವಾರ ಕಾಂಕ್ರೀಟ್ ಬರ್ತಾ ಇದೆ. ಈಗ ಗೋಡೆ ದಪ್ಪ ಮಾಡು ಅಂದ್ರೆ ಅಡಿಪಾಯಾನೇ ಕೀಳ್ಬೇಕು, ಒಂದ್ ವರ್ಷ ಹೋಗುತ್ತೆ. ನಿನ್ ತಮ್ಮಂಗೂ ಅಲ್ಲೇ ಕೆಲ್ಸ ಅಲ್ವಾ?” ಎಂದರು. ಬೆದರಿಕೆಯಲ್ಲ, ಮರೆತಿದ್ದೇನೇನೋ ಎಂದು ನೆನಪಿಸಿದರು, ಅಷ್ಟೆ. ನಿನ್ನೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನೀನು ಕಳಿಸಿದ ರಷ್ಯನ್ ಕಾದಂಬರಿಯ ಅನುವಾದ ಅದೇ ಪುಟದಲ್ಲಿ ಮಗುಚಿ ಬಿದ್ದಿದೆ. ಫೋನಿನಲ್ಲಾದರೆ “ಅಕ್ಕಾ, ನಿಂದು ಯಾವಾಗ್ಲೂ ಇದೇ ಕತೆ” ಎಂದು ನಗಿಸಿಬಿಡುತ್ತೀಯ. ಅದಕ್ಕೇ ಈ ಕಾಗದ.

ಅಪ್ಪ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದರು. ಅಮ್ಮನ ಆಶೀರ್ವಾದ ಇದ್ದೇ ಇದೆ. ಬಿಸಿನೀರು ಕುಡಿ.

ನಿನ್ನ ಅಕ್ಕ,
ಸಂಘಮಿತ್ರ

ಇನ್ನೊಂದು ವಿಷಯ: ಹೊಸ ಲೆಕ್ಕವನ್ನು ಅನುಮತಿ ಕೊಡುವ ಸಮಿತಿಗೆ ಇವತ್ತು ಬೆಳಿಗ್ಗೆ ನನ್ನ ಹೆಸರಿನಲ್ಲೇ ಕಳಿಸಿದೆ. ಮಧ್ಯಾಹ್ನ ಉತ್ತರ ಬಂತು. ಸೋಮವಾರ ಕಾಂಕ್ರೀಟ್ ಹಾಕುವಂತಿಲ್ಲ. ನೀನು ರಾಜೀನಾಮೆ ಕೊಟ್ಟಿಲ್ಲ ತಾನೇ? ಕೊಡಬೇಡ. ಅಮ್ಮನಿಗೆ ಇನ್ನೂ ಹೇಳಿಲ್ಲ. ಪಕ್ಕದಲ್ಲೇ ಕೂತು, ಹಳೆ ಸೀರೆಯಲ್ಲಿ ಆ ಕುರ್ಚಿಗೊಂದು ಮೆತ್ತೆ ಹೊಲಿಯುತ್ತಿದ್ದಾಳೆ.